ದೊಡ್ಡವ್ವನ ಕೌದಿ ಮಷಿನ್

ದೊಡ್ಡವ್ವನ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ. ಉಣ್ಣುವಾಗ, ಕಸ ಹೊಡೆಯುವಾಗ, ದೇವರಿಗೆ ಕೈ ಮುಗಿಯುವಾಗಲೂ ಅದೊಂದು ಬೇರೆಯಾಗಿ ನೆಟ್ಟಗೆ ನಿಂತಿರುತ್ತಿತ್ತು. ಉಗುರು ದಪ್ಪಗಾಗಿ ಹಳದಿ ತಿರುಗಿತ್ತು. ಪಕ್ಕದ ಚರ್ಮದಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳಿದ್ದವು. ಕಾಯಿಪಲ್ಲೆ ಮಾರುವವಳ ಎದುರು ಕೈ ಆಡಿಸಿ ಮಾತಾಡಿದರೆ, ಏನೂ ಕೊಡುವುದಿಲ್ಲ ಹೋಗು ಎಂದು ಹೆಬ್ಬೆರಳು ತೋರಿಸಿದಂತೆ ಕಾಣುತ್ತಿತ್ತು. "ನಿನಗ ತೋರಿಸಿದ್ದಲ್ಲಬೇ, ಅದು ಇರೋದ ಹಂಗ" ಎಂದು ದೊಡ್ಡವ್ವ ಹೇಳುವಷ್ಟರಲ್ಲಿ ಅವಳು ಬುಟ್ಟಿ ಎತ್ತಿಕೊಂಡು ಮುಂದಿನ ಮನೆಗೆ ಹೋಗಿರುತ್ತಿದ್ದಳು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ನಾನು ತೊದಲು ಮಾತಾಡುವಾಗಲೇ ಅವ್ವ ತೀರಿಕೊಂಡದ್ದರಿಂದ ಬ್ಯಾಡಗಿಯ ಅವರ ಮನೆಯಲ್ಲೇ ಬೆಳೆದೆ. ದೊಡ್ಡಪ್ಪನದು ಬೀಜ, ಗೊಬ್ಬರದ ಅಂಗಡಿ. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಕುಂತರೆ ಏಳುವವರಲ್ಲ, ದೊಡ್ಡವ್ವ ಎದ್ದರೆ ಕೂಡುವವಳಲ್ಲ. ಒಲೆಯ ಮೇಲೆ ಪಲ್ಯ ಇಟ್ಟು ಹಿತ್ತಲಿಗೆ ಹೋಗುವಳು, ಹಿತ್ತಲಲ್ಲಿ ಬಟ್ಟೆ ಅರ್ಧ ಹಿಂಡಿ ಬೀದಿ ಬಾಗಿಲಿಗೆ ಬರುವಳು, ಅಲ್ಲಿಂದ ಯಾರನ್ನೋ ಮಾತಾಡಿಸುತ್ತ ಓಣಿಯ ಆಚೆ ತುದಿಗೆ ಹೋಗಿಬಿಡುವಳು. ಹೊತ್ತಿದ ಪಲ್ಯದ ರುಚಿ ನಮಗೆಲ್ಲ ಚೆನ್ನಾಗಿ ಗೊತ್ತಿತ್ತು. "ಕಾಲಾಗ ಗಾಲಿ ಅದಾವೇನ ನಿನಗ?" ಎಂದು ದೊಡ್ಡಪ್ಪ ಕೇಳಿದರೆ, "ನಿಮ್ಮ ಪಾಲಿನವೂ ನನಗ ಕೊಟ್ಟಾನ ದೇವ್ರು" ಎನ್ನುವಳು.

ಆಕೆ ಕೂಡುತ್ತಿದ್ದದ್ದು ಕೌದಿಯ ಮುಂದೆ ಮಾತ್ರ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅವುಗಳ ಮೇಲೇ ಕುಂತು, ಅಂಚಿನಿಂದ ಹೊಲಿಯುತ್ತ ಒಳಕ್ಕೆ ಸರಿಯುವಳು. ಆಗ ಕರೆದರೂ ಓ ಎನ್ನುತ್ತಿರಲಿಲ್ಲ. ನಮ್ಮ ಬಳಗದಲ್ಲಿ ಹುಟ್ಟಿದ ಎಲ್ಲ ಕೂಸುಗಳೂ ಮಲಗಿದ್ದು ಅವಳ ಕೌದಿಯಲ್ಲೇ. ಅವಳಿಗೊಂದು ಕಟ್ಟುನಿಟ್ಟಿತ್ತು: ಕೂಸು ಹುಟ್ಟುವ ಮೊದಲು ಅದರ ಬಟ್ಟೆಗೆ ಸೂಜಿ ಹಚ್ಚಬಾರದು. ನಮ್ಮ ಕಡೆ ಹಿರಿಯರು ಹಾಗೆ ಹೇಳುತ್ತಿದ್ದರು. ಹೆರಿಗೆಯ ಸುದ್ದಿ ಬಂದ ಮೇಲೇ ಅವಳ ಕತ್ತರಿ ಹೊರಗೆ ಬರುತ್ತಿತ್ತು.

ಆ ಕಟ್ಟು ಮುರಿದದ್ದು ನನಗಾಗಿ. ಎಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಹಾವೇರಿಗೆ ಕೊಟ್ಟರು. ನಾನು ಮೊದಲ ಸಲ ಬಸಿರಾದ ಸುದ್ದಿ ಕೇಳಿ ದೊಡ್ಡವ್ವನಿಗೆ ಹಿಗ್ಗು ತಡೆಯಲಾಗಲಿಲ್ಲ. ಟ್ರಂಕಿನಲ್ಲಿಟ್ಟಿದ್ದ ನನ್ನ ಅವ್ವನ ಸೀರೆಗಳನ್ನು ತೆಗೆದಳು. ಹಸಿರು ಚೌಕಡಿಯದು ಮೇಲೆ, ಉಳಿದವು ಒಳಗೆ. ನಾನು ಬಾಣಂತನಕ್ಕೆ ಬರುವ ಮೊದಲೇ ಕೌದಿ ಮುಗಿದಿತ್ತು. ಕೂಸು ಮಾತ್ರ ಉಳಿಯಲಿಲ್ಲ. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು ಎಂದರು ಡಾಕ್ಟರು.

ನಾನು ಬ್ಯಾಡಗಿಯ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಒಳಕೋಣೆಯಲ್ಲಿ ಕತ್ತರಿಯ ಸಣ್ಣ ಸಪ್ಪಳ. ದೊಡ್ಡವ್ವ ಕೌದಿಯನ್ನು ಬಿಚ್ಚುತ್ತಿದ್ದಳು. ಒಂದೊಂದೇ ಹೊಲಿಗೆ ಕತ್ತರಿಸಿ, ದಾರ ಎಳೆದು, ಸೀರೆಗಳನ್ನು ಮತ್ತೆ ಮಡಚಿ ಟ್ರಂಕಿಗೆ ಹಾಕಿದಳು. ಅಳಲಿಲ್ಲ. ಅದಾದ ಮೇಲೆಯೇ ಹೆಬ್ಬೆರಳು ಬಿಗಿಯಿತು. ವಾತ ಎಂದರು ಡಾಕ್ಟರು. ಸೂಜಿ ಹಿಡಿಯಲು ಬಾರದಾಯಿತು, ಆಕೆ ಎಲ್ಲಿಯೂ ಕೂಡದಾದಳು.

ಮುಂದೆ ನಾನು ಮತ್ತೆ ಬಸಿರಾದೆ. ಹೇಳಲೆಂದು ಬ್ಯಾಡಗಿಗೆ ಹೋದರೆ, ಮೆಣಸಿನಕಾಯಿ ಸುಗ್ಗಿಯ ಘಾಟಿಗೆ ಊರೆಲ್ಲ ಸೀನುತ್ತಿತ್ತು. ನಾನು ಬಾಯಿ ತೆರೆಯುತ್ತಲೇ ದೊಡ್ಡಪ್ಪ ಸೀನಿದರು. ಬೇರೆ ಊರಿನಲ್ಲಾಗಿದ್ದರೆ ಅಪಶಕುನ ಎನ್ನುತ್ತಿದ್ದರೇನೋ. ಬ್ಯಾಡಗಿಯಲ್ಲಿ ಸೀನಿಗೆ ಅಂಜಿದರೆ ಮದುವೆ, ಮುಂಜಿ, ವ್ಯಾಪಾರ ಒಂದೂ ನಡೆಯುವುದಿಲ್ಲ. ದೊಡ್ಡವ್ವ ನಗಲಿಲ್ಲ. ಎದ್ದಳು, ಅಡುಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು.

"ಈ ಸರ್ತಿ ಹುಟ್ಟೂತನಕ ಸೂಜಿ ಮುಟ್ಟೂದಿಲ್ಲ ನಾ. ಹುಟ್ಟಿದ ಮ್ಯಾಲ ತೊಟ್ಟಲಕ್ಕ ಹಾಕೂದ್ರಾಗ ಕೌದಿ ಆಗಬೇಕು" ಎಂದಳು.

"ಅಷ್ಟರಾಗ ಹೆಂಗ ಆಗತೈತಿ ದೊಡ್ಡವ್ವ? ಹೆಬ್ಬಟ್ಟಾದರೂ ಮಡಚತೈತೇನು ನಿಂದು? ಮಂದೀ ಕೈಲೆ ಹೊಲಸೂಣು."

"ನನ್ನ ತಂಗಿ ಸೀರಿಗೆ ಮಂದಿ ಸೂಜಿ ಚುಚ್ಚತಾರ? ಮಷಿನ್ ತಗೋತೇನಿ. ಮಷಿನ್ ನೋಡೂದಕ್ಕೇನ ದೋಷ ಇಲ್ಲ."

ಅಲ್ಲಿಂದ ಶುರುವಾಯಿತು ಅವಳ ತಿರುಗಾಟ. ದೊಡ್ಡಪ್ಪನ ಹಳೆಯ ಧೋತರಗಳನ್ನು ಕೌದಿಯಷ್ಟೇ ದಪ್ಪಕ್ಕೆ ಮಡಚಿ ಒಂದು ಗಂಟು ಕಟ್ಟಿಕೊಂಡಳು. ಅದನ್ನು ಬಗಲಲ್ಲಿ ಇಟ್ಟುಕೊಂಡು ಮುಂಜಾನೆಯ ಬಸ್ಸಿಗೆ ಹಾವೇರಿಗೆ ಬಂದುಬಿಡುವಳು. ಚಹಾ ಕೊಟ್ಟರೆ ಅರ್ಧ ಕುಡಿದು, "ಏಳು, ಲಗೂ ಏಳು" ಎಂದು ನನ್ನನ್ನೂ ಎಬ್ಬಿಸುವಳು. ಹೊಲಿಗೆ ಮಷಿನ್ ಮಾರುವ ಅಂಗಡಿಗಳಲ್ಲಿ ಅವಳ ಪರೀಕ್ಷೆ ಒಂದೇ: ಗಂಟು ಬಿಚ್ಚಿ ಧೋತರ ಮುಂದಿಡುವುದು, "ಇದನ್ನ ಹೊಲದು ತೋರಸ್ರಿ" ಎನ್ನುವುದು. ಮೊದಲ ಅಂಗಡಿಯಲ್ಲಿ ಎರಡು ಹೊಲಿಗೆ ಬಿದ್ದು ಸೂಜಿ ಟಕ್ಕನೆ ಮುರಿಯಿತು. ಅಂಗಡಿಯವನು ಮುಖ ಗಂಟಿಕ್ಕಿದ.

"ಇದು ಜಂಪರ ಹೊಲಿಯೂ ಮಷಿನ್ ರೀ, ಹಾಸಿಗಿ ಹೊಲಿಯೂದಲ್ಲ."

"ಹಂಗಾರ ಹಾಸಿಗಿ ಹೊಲಿಯೂದ ತೋರಸ್ರಿ. ಜಂಪರ ಯಾರ ಕೇಳ್ಯಾರ ನಿಮಗ?"

ಇನ್ನೊಂದು ಅಂಗಡಿಯ ಮಷಿನ್ನಿನ ತೋಳಿನ ಕೆಳಗೆ ಧೋತರ ತೂರಲೇ ಇಲ್ಲ. ಮತ್ತೊಂದು ಕಡೆ ಹೊಲಿಯಿತು, ಆದರೆ ಪದರಗಳು ಒಂದರ ಮೇಲೊಂದು ಜಾರಿ ಒಂದು ಮೂಲೆಯಲ್ಲಿ ಗುಡ್ಡೆಯಾದವು. ಅದನ್ನು ಕಂಡು, ಮಷಿನ್ ಇದ್ದರೆ ಸಾಲದು, ಬಟ್ಟೆಯನ್ನು ಬಿಗಿ ಹಿಡಿಯುವ ಚೌಕಟ್ಟೂ ಬೇಕು ಎಂದು ಅವಳ ತಲೆಗೆ ಹೊಳೆಯಿತು. ಬಡಿಗೇರನ ಬೆನ್ನು ಹತ್ತಿದಳು. ಮೊದಲ ಚೌಕಟ್ಟು ಕಿಟಕಿಯಷ್ಟು ಭಾರವಾಯಿತು, ಎರಡನೆಯದು ಮಷಿನ್ ಕೆಳಗೆ ಹೋಗಲಿಲ್ಲ. ಕೊನೆಗೆ ಉದ್ದನೆಯ ಎರಡು ಲಟ್ಟಣಿಗೆಗಳನ್ನು ಅತ್ತಿತ್ತ ಜೋಡಿಸಿದಂಥದ್ದೊಂದನ್ನು ಆತ ಮಾಡಿಕೊಟ್ಟ. ಒಂದು ಲಟ್ಟಣಿಗೆಯಿಂದ ಬಟ್ಟೆ ಬಿಚ್ಚುತ್ತದೆ, ನಡುವೆ ಬಿಗಿಯಾಗಿ ನಿಲ್ಲುತ್ತದೆ, ಹೊಲಿದಾದ ಮೇಲೆ ಇನ್ನೊಂದಕ್ಕೆ ಸುತ್ತಿಕೊಳ್ಳುತ್ತದೆ. ಅದನ್ನು ಹೊತ್ತುಕೊಂಡೇ ಬಸ್ಸು ಹತ್ತುತ್ತಿದ್ದಳು. ಕಂಡಕ್ಟರು "ಇದೇನಬೇ, ರೊಟ್ಟಿ ಅಂಗಡಿ ಇಡತಿಯೇನು?" ಎಂದರೆ, ತಿರುಗಿ ಹೇಳಲೂ ಅವಳಿಗೆ ಪುರಸತ್ತಿರಲಿಲ್ಲ.

ನನ್ನ ಹೊಟ್ಟೆ ಬೆಳೆದಂತೆಲ್ಲ ಅವಳ ಓಡಾಟವೂ ಬೆಳೆಯಿತು. ನನಗೆ ಸಿಟ್ಟು ಬರುತ್ತಿತ್ತು. ಸುಮ್ಮನೆ ಪಕ್ಕದಲ್ಲಿ ಕುಂತು ತಲೆ ನೇವರಿಸಬಾರದೇ ಈಕೆ ಎನ್ನಿಸುತ್ತಿತ್ತು. ರಾಣೇಬೆನ್ನೂರಿನ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಕೇಳಿಯೇ ಬಿಟ್ಟೆ: "ನಿನಗ ಕೂಸು ಮುಖ್ಯನೋ, ಮಷಿನ್ನೋ?"

ಬಸ್‌ಸ್ಟ್ಯಾಂಡಿನ ನಡುವೆಯೇ ಅವಳು ನಿಂತಳು. "ಬಳ್ಳಿ ಸುತ್ತಿತ್ತು ಅಂದ್ರಲ್ಲ ಡಾಕ್ಟರು. ಅದು ಬಳ್ಳಿ ಅಲ್ಲ. ಹುಟ್ಟೂದಕ್ಕಿಂತ ಮೊದಲ ದಾರ ಸುತ್ತಿದಾಕಿ ನಾನ" ಎಂದಳು.

ಹಾಗಲ್ಲ, ಹಾಗಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿದೆ. ಡಾಕ್ಟರಿಂದಲೂ ಹೇಳಿಸಿದೆ. ಅವಳು ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದಳು, ನಂಬುತ್ತಿರಲಿಲ್ಲ.

ಅವತ್ತೇ ಸಿಕ್ಕಿತು ಮಷಿನ್. ರಾಣೇಬೆನ್ನೂರಿನಲ್ಲಿ ಹಳೆಯ ಗೋಣಿಚೀಲ ಕೊಂಡು, ತೇಪೆ ಹಾಕಿ ಮಾರುವ ಒಬ್ಬ ಚಾಚಾ ಇದ್ದರು, ದೊಡ್ಡಪ್ಪನ ಪರಿಚಯದವರು. ಅವರ ಅಂಗಳದಲ್ಲಿ ಕಾಲಿನಿಂದ ತುಳಿಯುವ, ಉದ್ದ ತೋಳಿನ ಮಷಿನ್ ಒಂದಿತ್ತು. ದೊಡ್ಡವ್ವ ಗಂಟು ಬಿಚ್ಚಿದಳು. ಮಷಿನ್ ದಡದಡ ಸದ್ದು ಮಾಡುತ್ತ ಧೋತರಗಳನ್ನು ಒಂದೇ ಉಸಿರಿಗೆ ಹೊಲಿದು ಆ ಕಡೆಗೆ ತಳ್ಳಿತು. ಸೂಜಿ ಮುರಿಯಲಿಲ್ಲ, ಪದರ ಜಾರಲಿಲ್ಲ. ಹೆಬ್ಬೆರಳಿನ ಕೆಲಸವೇ ಇಲ್ಲ. ತಿಂಗಳುಗಳ ಮೇಲೆ ದೊಡ್ಡವ್ವನ ಮುಖ ಅರಳಿದ್ದನ್ನು ನಾನು ನೋಡಿದೆ.

"ಅಕ್ಕಾರ, ಒಂದ ಮಾತ ಕೇಳ್ರಿ" ಎಂದರು ಚಾಚಾ. "ಇದು ಒಂದ ದಾರದ ಮಷಿನ್, ಚೀಲದ ಹೊಲಿಗಿ. ಕಡೀಕ ಗಂಟು ಹಾಕಲಿಲ್ಲಂದ್ರ, ತುದಿ ಹಿಡದು ಎಳದ್ರ ಪೂರಾ ಬಿಚ್ಚತೈತಿ. ಗೊಬ್ಬರದ ಚೀಲ ಬಿಚ್ಚತಾರಲ್ರಿ, ಹಂಗ."

"ಕೂಸಿನ ಕೌದಿ ಯಾರ ಎಳೀತಾರ ಚಾಚಾ?"

ಹೆರಿಗೆಯಾಗುವವರೆಗೆ ಮಷಿನ್ ಅಲ್ಲೇ ಇರಲಿ, ಮನೆಯ ಹೊಸ್ತಿಲು ದಾಟುವುದು ಬೇಡ ಎಂದಳು. ವಾರಕ್ಕೊಮ್ಮೆ ಹೋಗಿ, ಚಾಚಾನ ಹೆಂಡತಿಯ ಪಕ್ಕದಲ್ಲಿ ಕುಂತು ಗೋಣಿಚೀಲದ ಮೇಲೆ ಕೈ ಕುದುರಿಸಿಕೊಂಡಳು.

ಹೆಣ್ಣು ಹುಟ್ಟಿತು. ಅತ್ತಿತು, ಜೋರಾಗಿಯೇ ಅತ್ತಿತು. ದೊಡ್ಡವ್ವ ಕೂಸಿನ ಕೊರಳನ್ನು ಒಮ್ಮೆ ಮುಟ್ಟಿ ನೋಡಿ ಹೊರಗೆ ಓಡಿದಳು. ಸಂಜೆಗೆ ಗೊಬ್ಬರದ ಲಾರಿಯಲ್ಲಿ ಮಷಿನ್ ಮನೆಗೆ ಬಂತು. ಅದರ ಸದ್ದಿಗೆ ಪಕ್ಕದ ಮನೆಯವರು, "ಹಿಟ್ಟಿನ ಗಿರಣಿ ಹಾಕೀರೇನ್ರಿ?" ಎಂದು ಕೇಳಲು ಬಂದರಂತೆ. ಅವಸರವೆಂದರೆ ಎಂಥ ಅವಸರ! ಒಂದು ಸಾಲು ಮುಗಿದರೆ ದಾರ ಕತ್ತರಿಸಿ ಗಂಟು ಹಾಕುವ ತಾಳ್ಮೆ ಇಲ್ಲದೆ, ಹಾಗೇ ತಿರುಗಿಸಿ ಮುಂದಿನ ಸಾಲಿಗೆ ಹೋಗುವುದು. ಹೀಗೆ ಇಡೀ ಕೌದಿ ಒಂದೇ ದಾರದಲ್ಲಿ ಮುಗಿಯಿತು. ತುದಿಗೆ ಗಂಟು ಹಾಕುವುದನ್ನು ಮರೆತಳು.

ತೊಟ್ಟಿಲ ದಿನ ಬಳಗವೆಲ್ಲ ಕೂಡಿತ್ತು. ಕೌದಿಯ ಮೇಲೆ ಕೂಸು, ಹಸಿರು ಚೌಕಡಿಯ ಅಂಚು ತೊಟ್ಟಿಲ ಹೊರಗೆ ಇಳಿಬಿದ್ದಿತ್ತು. ಅದನ್ನು ನೋಡಿ ನನಗೆ ಅವ್ವನೇ ಬಂದು ನಿಂತಂತಾಗಿ ಕಣ್ಣು ತುಂಬಿದವು. ಹೆಂಗಸರು ಹಾಡುತ್ತಿದ್ದರು. ದೊಡ್ಡಪ್ಪ ತೊಟ್ಟಿಲ ಪಕ್ಕದಲ್ಲಿ ಕುಂತು ಬೀಗರೊಂದಿಗೆ ಮಳೆ, ಬಿತ್ತನೆ ಎಂದು ಮಾತಾಡುತ್ತಿದ್ದರು. ಮಾತಾಡುತ್ತಲೇ ಅವರ ಬೆರಳಿಗೆ ಅಂಚಿನಲ್ಲೊಂದು ದಾರದ ತುದಿ ಸಿಕ್ಕಿತು. ಹುಟ್ಟಿದಾಗಿನಿಂದ ಚೀಲ ಬಿಚ್ಚಿದ ಕೈ ಅದು. ಎಳೆಯಿತು.

ಸರ್ರ್ ಎಂದಿತು. ಒಂದು ಸಾಲು ಹೋಯಿತು, ತಿರುಗಿ ಇನ್ನೊಂದು ಹೋಯಿತು. ದೊಡ್ಡಪ್ಪನಿಗೆ ಎಚ್ಚರವಿಲ್ಲ, ಬೀಗರಿಗೆ ಯೂರಿಯಾದ ಬಗ್ಗೆ ಹೇಳುತ್ತಲೇ ಇದ್ದರು. ಹಾಡು ನಿಂತಾಗ ತಲೆಯೆತ್ತಿ ನೋಡಿದರು. ಅವರ ತೊಡೆಯ ಮೇಲೆ ದಾರದ ರಾಶಿ. ತೊಟ್ಟಿಲಲ್ಲಿ ಕೂಸಿನ ಕೆಳಗೆ ನನ್ನ ಅವ್ವನ ಸೀರೆಗಳು ಬೇರೆ ಬೇರೆಯಾಗಿ ಬಿದ್ದಿದ್ದವು.

ಒಳಕೋಣೆಯ ಆ ಕತ್ತರಿಯ ಸಪ್ಪಳ ನನ್ನ ಕಿವಿಯಲ್ಲಿ ಕೇಳಿಸಿತು. ದೊಡ್ಡವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಂದಳು. ತೊಟ್ಟಿಲೊಳಗೆ ಬಗ್ಗಿ, ಉಸಿರು ನೋಡಲೆಂದು ಆ ಮಡಚದ ಹೆಬ್ಬೆರಳನ್ನು ಕೂಸಿನ ಮೂಗಿನ ಬಳಿ ಹಿಡಿದಳು.

ಕೂಸು ಸೀನಿತು.

"ಬ್ಯಾಡಗೀ ಕೂಸ!" ಎಂದಳು ದೊಡ್ಡವ್ವ. ನಕ್ಕಳು. ನಗುತ್ತ ನಗುತ್ತ ಅಳತೊಡಗಿದಳು. ದೊಡ್ಡಪ್ಪನ ತೊಡೆಯ ಮೇಲಿನ ದಾರವನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿ ನನಗೆ ತೋರಿಸಿದಳು. "ಬಿಚ್ಚಿ ಹೋತು ನೋಡ. ಸುತ್ತಿದ್ದೆಲ್ಲಾ ಬಿಚ್ಚಿ ಹೋತು. ಕೂಸು ಐತಿ."

"ಏ, ನಾ ಬೇಕಂತ ಎಳೀಲಿಲ್ಲಬೇ" ಎಂದು ದೊಡ್ಡಪ್ಪ ಗಾಬರಿಯಲ್ಲಿ ತೊದಲುತ್ತಿದ್ದರು. "ನಿಮ್ಮ ಕೈ ಒಂದ ಒಳ್ಳೇ ಕೆಲಸ ಮಾಡೇತಿ, ಸುಮ್ನಿರ್ರಿ" ಎಂದು ಅವಳು ಗೋಡೆಗೆ ಒರಗಿ ಕುಂತಳು. ಬಳಗದವರೆಲ್ಲ ಉಂಡು ಹೋಗುವವರೆಗೂ ಏಳಲಿಲ್ಲ.

ಮಷಿನ್ ಚಾಚಾನ ಅಂಗಳಕ್ಕೆ ವಾಪಸು ಹೋಯಿತು. ಬಡಿಗೇರನ ಲಟ್ಟಣಿಗೆಗಳ ಮೇಲೆ ಹಪ್ಪಳ ಒಣಗಿದವು. ದೊಡ್ಡವ್ವ ತೋರುಬೆರಳು, ನಡುಬೆರಳುಗಳ ನಡುವೆ ಸೂಜಿ ಹಿಡಿಯುವುದನ್ನು ಕಲಿತು, ಮಷಿನ್ ಬಿಟ್ಟುಹೋದ ತೂತುಗಳಲ್ಲೇ ಆ ಕೌದಿಯನ್ನು ಮತ್ತೆ ಹೊಲಿದಳು. ಅದು ಮುಗಿಯುವಷ್ಟರಲ್ಲಿ ಮಗಳು ಅದರ ಮೇಲೆ ಅಂಬೆಗಾಲಿಡುತ್ತಿದ್ದಳು. ದೊಡ್ಡವ್ವ ಅವಳ ಸುತ್ತ ಸೂಜಿ ಹಾಕುತ್ತಿದ್ದಳು.

ಕೆಲವು ವರ್ಷಗಳ ಮೇಲೆ ನಾನು ಮತ್ತೆ ಬಸಿರಾದ ಸುದ್ದಿ ಕೇಳಿ, ಮರುದಿನವೇ ಪಡಸಾಲೆಯಲ್ಲಿ ಸೀರೆ ಹಾಸಿಕೊಂಡು ಕುಂತಳಂತೆ. ಈ ಸಲ ತನ್ನವೇ ಸೀರೆಗಳು. ಓಣಿಯ ಹೆಂಗಸರು "ಇನ್ನೂ ಹುಟ್ಟಿಲ್ಲಲ್ರಿ?" ಎಂದರೆ, "ಹುಟ್ಟತೈತಿ, ಎಲ್ಲಿ ಹೋಗತೈತಿ?" ಎಂದಳಂತೆ. ನಾನು ನೋಡಲು ಹೋದಾಗ ಕರೆದರೆ ಓ ಎನ್ನಲಿಲ್ಲ. ಅಷ್ಟು ನೆಮ್ಮದಿಯಿಂದ ಹೊಲಿಯುತ್ತಿದ್ದಳು.

ಮಗ ಹುಟ್ಟುವ ಮೊದಲೇ ದೊಡ್ಡವ್ವ ಹೋಗಿಬಿಟ್ಟಳು. ಒಂದು ದಿನದ ಜ್ವರ, ಅಷ್ಟೇ, ಅಲ್ಲಿಯೂ ಅವಸರ. ಕೌದಿ ಪೂರ್ತಿಯಾಗಿ ಮಡಚಿಟ್ಟಿತ್ತು. ನನ್ನ ಕೂಸಿನ ಎದುರು ಅವಳಿಲ್ಲದಿದ್ದರೂ, ಹುಟ್ಟುವ ಮೊದಲೇ ಅದಕ್ಕೊಂದು ಹಾಸಿಗೆ ಸಿದ್ಧವಿತ್ತು. ಆ ಋಣ ನಾನು ತೀರಿಸಲಾರೆ, ತೀರಿಸುವ ಆಸೆಯೂ ಇಲ್ಲ.

ತೊಟ್ಟಿಲ ದಿನ ದೊಡ್ಡಪ್ಪ ಮತ್ತೆ ಪಕ್ಕದಲ್ಲಿ ಕುಂತರು. ಅವರ ಬೆರಳುಗಳು ಕೌದಿಯ ಅಂಚಿನಗುಂಟ ಹೋದವು, ಮೂಲೆ ತಿರುಗಿದವು, ಇನ್ನೊಂದು ಅಂಚಿಗೆ ಬಂದವು, ಮತ್ತೆ ಮೊದಲಿನಿಂದ ಹುಡುಕಿದವು.

"ದಾರದ ತುದೀನ ಸಿಗವಲ್ದು ನೋಡವಾ" ಎಂದರು ನನಗೆ.