ಘಾನಾದ ಕೆರೆಯಲ್ಲಿ ನೀರು ಸೋಸಿದ್ದು

ಕಾಗವಾಡದಿಂದ ಮಿರಜಕ್ಕೆ ಟೆಂಪೋದಲ್ಲಿ ಹೊರಟಾಗ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಓಣಿಯಲ್ಲಿ ಮುಂಬೈ ನೋಡಿ ಬಂದವರೇ ದೊಡ್ಡವರು, ನಾನೋ ಆಫ್ರಿಕಾಕ್ಕೆ ಹೊರಟವಳು! ಕಾಲೇಜಿನ ಸೇವಾ ತಂಡದಿಂದ ನಮ್ಮ ಐದು ಜನರನ್ನು ಘಾನಾ ದೇಶದ ಒಂದು ಹಳ್ಳಿಗೆ ಆರಿಸಿದ್ದರು. ಅಲ್ಲಿ ನಾರು ಹುಣ್ಣಿನ ಕಾಟ. ಕೆರೆಯ ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಹುಳುಗಳಿರುತ್ತವೆ. ಆ ನೀರು ಕುಡಿದರೆ ವರ್ಷದ ಮೇಲೆ ಕಾಲಿನಿಂದ ದಾರದಂಥ ಉದ್ದನೆಯ ಹುಳು ಹೊರಬರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ ಸಾಕು, ರೋಗ ಬಾರದು. ಅದನ್ನು ಅಲ್ಲಿನ ಹೆಂಗಸರಿಗೆ ತೋರಿಸಿಕೊಡುವುದೇ ನಮ್ಮ ಕೆಲಸ.

ನೀರು ಸೋಸುವುದು! ಜೈನರ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಯಾರು ಕಲಿಸಬೇಕು? ನಡೆಯಲು ಬಂದಾಗಿನಿಂದ ಬಾವಿಕಟ್ಟೆಯ ಮೇಲೆ ನಮ್ಮ ಆಯಿಯ, ಅಂದರೆ ಅಜ್ಜಿಯ, ಜೊತೆ ನಿಂತು ಕೊಡದ ಬಾಯಿಗೆ ಎರಡು ಮಡಿಕೆಯ ಬಟ್ಟೆ ಹಿಡಿದವಳು ನಾನು. ಹಾಸ್ಟೆಲಿನಲ್ಲಿ ಇದಕ್ಕೇ ಗೆಳತಿಯರು ನನ್ನನ್ನು ಗೇಲಿ ಮಾಡುತ್ತಿದ್ದರು. ಈಗ ನೋಡಿ, ನನ್ನ ಬಟ್ಟೆಗೇ ವಿಮಾನದ ಯೋಗ! ಅಪ್ಪ ಸುತರಾಂ ಬೇಡವೆಂದಾಗ ಆಯಿಯೇ ಹಟ ಹಿಡಿದು ಒಪ್ಪಿಸಿದಳು. ಅವಳದು ಒಂದೇ ಕರಾರು.

“ಎಲ್ಲಿ ಹೋದ್ರೂ ನೀರ ಸೋಸಿ ಕುಡಿ. ಅರಿವ್ಯಾಗ ಉಳದ ಜೀವ ಅವು ಬಂದ ನೀರಿಗೇ ಬಿಡು. ಒಣಾ ನೆಲದ ಮ್ಯಾಲ ಝಾಡಸಬ್ಯಾಡ.”

ಅವಳ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಮಿರಜದಿಂದ ರೈಲು, ಮುಂಬೈಯಿಂದ ವಿಮಾನ, ಅಡಿಸ್ ಅಬಾಬಾದಲ್ಲಿ ಇನ್ನೊಂದು ವಿಮಾನ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಮೋಡದ ಮೇಲೆ ಹೊತ್ತು ಯಾವಾಗ ಮುಳುಗುತ್ತದೋ ತಿಳಿಯದೆ, ಕಿಟಕಿಗೆ ಮೂಗು ಒತ್ತಿಕೊಂಡೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿದೆ. ಅಕ್ರಾದಲ್ಲಿ ಇಳಿದಾಗ ಮೈಯೆಲ್ಲ ಅಂಟಂಟು ಸೆಕೆ. ಅಲ್ಲಿಂದ ಉತ್ತರಕ್ಕೆ ತಮಾಲೆ ಪಟ್ಟಣ, ಬಸ್ಸಿನಲ್ಲಿ ಸುಮಾರು ಆರುನೂರು ಕಿಲೋಮೀಟರ್. ಹೋದಹೋದಂತೆ ಹಸಿರು ಹೋಗಿ, ಮರುಭೂಮಿಯ ಕಡೆಯಿಂದ ಬೀಸುವ ಒಣಗಾಳಿಯ ಧೂಳು ಶುರುವಾಯಿತು. ತುಟಿ ಒಡೆದು ರಕ್ತ ಬಂತು. ಕೊನೆಗೆ ಆಡುಗಳ ನಡುವೆ ಲಾರಿಯಲ್ಲಿ ಕೂತು ಹಳ್ಳಿ ಮುಟ್ಟಿದೆವು. ನಮ್ಮ ತಂಡದ, ನಿಪ್ಪಾಣಿಯ ಸುನಂದಾ ವಾಂತಿ ಮಾಡಿ ಸುಸ್ತಾಗಿದ್ದಳು, ನಾನು ಮಾತ್ರ ಎಲ್ಲರಿಗೂ ಕೈಬೀಸುತ್ತಿದ್ದೆ.

ಮಣ್ಣಿನ ದುಂಡನೆಯ ಮನೆಗಳು, ಮೇಲೆ ಹುಲ್ಲಿನ ಚಾವಣಿ. ಶಾಲೆಯ ಮೇಷ್ಟ್ರು ಫುಸೇನಿ ನಮಗೆ ದುಭಾಷಿ. ಬಿಸಿಲಿರುವಾಗಲೇ ಊಟ ಬೇಕೆಂದಾಗ ಅವರು ಯಾಕೆಂದೂ ಕೇಳದೆ ಏರ್ಪಾಟು ಮಾಡಿದರು. ಹಿಟ್ಟಿನ ಮುದ್ದೆ, ಬೆಂಡೆಕಾಯಿ ಸಾರು! ಮೀನು ಹಾಕುವ ಮೊದಲೇ ನನ್ನ ಪಾಲು ತೆಗೆದಿಟ್ಟಿದ್ದರು. ಇನ್ನೂ ಒಂದು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡೆ.

ಅಲ್ಲಿ ನೀರು ತರುವ ಹೆಂಗಸರಿಗೆ ಮುಖ್ಯಳು ಮೇಮುನಾ. ಎತ್ತರದ ಆಳು, ಗಟ್ಟಿ ದನಿ. ಕಂಡ ಕೂಡಲೇ ನನಗೆ ಮದುವೆಯಾಗಿದೆಯೇ, ಮನೆಯಲ್ಲಿ ಉಣ್ಣಲು ಹಾಕುವುದಿಲ್ಲವೇ ಎಂದು ವಿಚಾರಿಸಿದಳು. ಹಿಂದೆಯೂ ಯಾರೋ ಬಂದು ಬಟ್ಟೆ ಹಂಚಿದ್ದರಂತೆ. ಹೆಂಗಸರು ಅವನ್ನು ತಲೆಗೆ ಸುತ್ತಿಕೊಂಡಿದ್ದರು. ಮೇಮುನಾ ಹೂಂ ಅಂದರೆ ಊರೇ ಹೂಂ ಅನ್ನುತ್ತದೆ, ಅವಳು ಒಲ್ಲೆ ಅಂದರೆ ನಾವು ಗಂಟುಮೂಟೆ ಕಟ್ಟುವುದೇ ಸೈ ಎಂದು ಫುಸೇನಿ ಮೊದಲೇ ಎಚ್ಚರಿಸಿದ್ದರು.

ಮರುದಿನ ಬೆಳಿಗ್ಗೆ ಕೆರೆಯ ದಂಡೆಯ ಮೇಲೆ ಹೆಂಗಸರೆಲ್ಲ ಸೇರಿದರು. ನಾನು ಸೆರಗು ಸಿಕ್ಕಿಸಿ ಮುಂದೆ ಹೋದೆ. ಬಟ್ಟೆ ಮಡಚಿ, ಗಡಿಗೆಯ ಬಾಯಿಗೆ ಕಟ್ಟಿ ನೀರು ಹೊಯ್ದೆ. ಬಟ್ಟೆಯ ಮೇಲೆ ಪುಟಪುಟ ಜಿಗಿಯುವ ಹುಳುಗಳನ್ನು ಬಿಸಿಲಿಗೆ ಹಿಡಿದು ತೋರಿಸಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ. ಆಮೇಲೆ ಎಂದಿನಂತೆ ಬಟ್ಟೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಮೇಲೆ ಸುರಿದು, ಹುಳುಗಳನ್ನು ಜೋಪಾನವಾಗಿ ಕೆರೆಗೆ ಬಿಟ್ಟೆ.

ಚಪ್ಪಾಳೆ ನಿಂತಿತು. ಮೇಮುನಾ ಏನೋ ಕೇಳಿದಳು. ಫುಸೇನಿ ಇಂಗ್ಲಿಷಿನಲ್ಲಿ ಹೇಳಿದರೂ ನನಗದು ನಮ್ಮೂರ ಮಾತಿನಲ್ಲೇ ಕೇಳಿಸಿತು.

“ನಮ್ಮ ಕಾಲು ತಿನ್ನೂ ಹುಳ ಅಂತಿ. ಮತ್ತ ನಮ್ಮ ಕೆರೀಗೇ ಯಾಕ ಬಿಟ್ಟಿ?”

ಹೆಂಗಸರು ಸೋಸದ ನೀರನ್ನೇ ತುಂಬಿಕೊಂಡು ಹೊರಟುಹೋದರು. ಸುನಂದಾ ನನ್ನನ್ನು ವಾಚಾಮಗೋಚರ ಬೈದಳು. ಇಷ್ಟು ದೂರ ಬಂದು ಎಲ್ಲದಕ್ಕೂ ಎಳ್ಳುನೀರು ಬಿಟ್ಟೆಯಲ್ಲ ಎಂದಳು.

ಸಂಜೆ ಫುಸೇನಿಯವರ ಜೊತೆ ಮೇಮುನಾಳ ಮನೆಗೆ ಹೋದೆ. ಒಳಗೆ ಅವಳ ಮಗಳು ಕಾಲು ಚಾಚಿ ಕೂತಿದ್ದಳು, ನನ್ನದೇ ವಯಸ್ಸು. ಪಾದದಿಂದ ಹೊರಬಂದ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿದ್ದರು. ದಿನಕ್ಕೆ ಇಷ್ಟಿಷ್ಟೇ ಸುತ್ತಬೇಕು, ಹರಿದರೆ ಕಾಲೇ ಬಾತುಕೊಳ್ಳುತ್ತದೆ. ತೊಟ್ಟಿಲ ವಯಸ್ಸಿನ ಕೂಸು ಅಳುತ್ತಿದ್ದರೂ ಅವಳಿಗೆ ಎದ್ದು ಎತ್ತಿಕೊಳ್ಳಲಾಗುತ್ತಿರಲಿಲ್ಲ. ಅಲ್ಲೇ ಕೂತು ಆಯಿಗೆ ಕೊಟ್ಟ ಮಾತನ್ನು, ನಮ್ಮಲ್ಲಿ ಹುಳುವಿನ ಜೀವವೂ ಜೀವವೇ ಎಂಬುದನ್ನು ಹೇಳಿದೆ. ಮೇಮುನಾ ನಗಲಿಲ್ಲ. ಎಲ್ಲ ಕೇಳಿ, ನಾಳೆ ಕೆರೆಗೆ ಬಂದು ನಿನ್ನ ಕೈ ನೋಡುತ್ತೇನೆ ಎಂದಷ್ಟೇ ಹೇಳಿ ಕಳಿಸಿದಳು.

ಬೆಳಗಾಯಿತು. ನೀರು ಸೋಸಿದೆ. ಬಟ್ಟೆ ಬಿಚ್ಚಿಕೊಂಡು ಕೆರೆಗೆ ಬೆನ್ನು ತಿರುಗಿಸಿ, ದೂರ ಹೋಗಿ, ಒಣ ಮರಳಿನ ಮೇಲೆ ಝಾಡಿಸಿದೆ. ಕೈ ನಡುಗಿತು. ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಮೇಮುನಾ ಬಂದು ನನ್ನ ಕೈಯಿಂದ ಆ ಬಟ್ಟೆ ತೆಗೆದುಕೊಂಡು ತನ್ನ ಗಡಿಗೆಯ ಬಾಯಿಗೆ ಬಿಗಿದಳು. ನಾನು ಅಳುತ್ತಲೇ ಕುಣಿದೆ!

ಅಲ್ಲಿಂದ ಮುಂದೆ ಹಬ್ಬವೇ ಹಬ್ಬ. ದಿನವೂ ದಂಡೆಯ ಮೇಲೆ ಬಟ್ಟೆಗಳು ಹೆಚ್ಚಿದವು. ನನ್ನ ನಡುಗುವ ಕೈಯನ್ನು ಅಣಕಿಸಿ ಹೆಂಗಸರು ಹಾಡು ಕಟ್ಟಿದರು, ನನ್ನಿಂದಲೇ ಹಾಡಿಸಿದರು. ತಿಂಗಳ ಮೇಲೆ ನಾವು ಹೊರಡುವ ದಿನ, ಹುಳು ಪೂರ್ತಿ ಹೊರಬಂದಿದ್ದ ಮೇಮುನಾಳ ಮಗಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಲಾರಿಯವರೆಗೆ ಕುಂಟುತ್ತ ನಡೆದು ಬಂದಳು.

ಕಾಗವಾಡದಲ್ಲಿ ದ್ರಾಕ್ಷಿ ಕೊಯ್ಲು ನಡೆದಿತ್ತು. ಆಯಿ ಬಾಗಿಲಲ್ಲೇ ನಿಲ್ಲಿಸಿ, ಮಾತು ಉಳಿಸಿಕೊಂಡೆಯಾ ಎಂದು ಕೇಳಿದಳು. ಇಲ್ಲ ಎಂದು ಎಲ್ಲವನ್ನೂ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. ಪಾಪ ಪಾಪವೇ, ನಾಳೆ ಉಪವಾಸ ಮಾಡು ಎಂದಳು. ಆಗಲಿ ಎಂದೆ.

ಮರುದಿನ ಅವ್ವ ಚಹಾ ತಂದಾಗ ಆಯಿ ತನ್ನ ಬಟ್ಟಲನ್ನೂ ಸರಿಸಿದಳು. ನಿಮಗೇನಾಯಿತು ಅತ್ತೀ ಎಂದು ಅವ್ವ ಗಾಬರಿಯಾದಳು.

“ಕಳಿಸಿದಾಕಿ ನಾ ಅಲ್ಲೇನ? ಪಾಪದಾಗ ಅರ್ಧಾ ನಂದು,” ಎಂದಳು ಆಯಿ. ಆಮೇಲೆ ನನ್ನ ಕಡೆ ತಿರುಗಿದಳು. “ಆ ಹುಡುಗಿ ಎದ್ದು ನಡದಾಳ ಅಂದೆಲ್ಲಾ, ಆ ಪುಣ್ಯೇದಾಗೂ ಅರ್ಧಾ ಬಿಡಾಂಗಿಲ್ಲ ನಾ.”