ಕಾಗೆಬಂಗಾರದ ಸವತಿ

ಫ್ಯಾನು ಬಂದ್ ಮಾಡದೆ ಈ ಪುಡಿಯ ಡಬ್ಬಿ ತೆಗೆಯಬಾರದು. ಮೊದಲ ದಿನ ನಾನು ತೆಗೆದಿದ್ದೆ. ಆವತ್ತು ಗೋಡೆಗೆ, ಗಡಿಗೆಗೆ, ಬುಟ್ಟಿಯಲ್ಲಿದ್ದ ರೊಟ್ಟಿಗೆ ಹತ್ತಿದ್ದು ಪೂರ್ತಿ ಹೋಗಲೇ ಇಲ್ಲ. ರೊಟ್ಟಿ ಹೋಯಿತು, ನಾವೇ ತಿಂದೆವು. ಗೋಡೆಯದು ಇನ್ನೂ ಇದೆ.

ಅಂಗಡಿಯವರು ಅದನ್ನು ಮೈಕಾ ಪೌಡರ್ ಅನ್ನುತ್ತಾರೆ. ನಮಗೆ ಅದು ಕಾಗೆಬಂಗಾರ. ನಾನು ಹುಟ್ಟಿದ್ದು ಸುರಪುರದಲ್ಲಿ. ಅಲ್ಲಿ ಗುಡ್ಡದ ಕಲ್ಲಿನ ಸಂದಿಯಲ್ಲಿ ಹೊಳೆಯುವ ಪದರು ಸಿಗುತ್ತಿತ್ತು. ಉಗುರಿನಿಂದ ಎಬ್ಬಿಸಿ, ಬೆರಳಲ್ಲಿ ತಿಕ್ಕಿ, ಗಲ್ಲಕ್ಕೆ ಹಚ್ಚಿಕೊಂಡು ಮನೆಗೆ ಬಂದರೆ ಅವ್ವ ಬಡಿಯುತ್ತಿದ್ದಳು. ಈಗ ಅದೇ ಪುಡಿ ಬಣ್ಣಬಣ್ಣದ್ದಾಗಿ ಹೈದರಾಬಾದಿನಿಂದ ಡಬ್ಬಿಯಲ್ಲಿ ಬರುತ್ತದೆ. ಬಡಿಯುವವರು ಯಾರೂ ಉಳಿದಿಲ್ಲ.

ಶಹಾಪುರದ ನಮ್ಮ ಓಣಿಯ ಸಂಘಕ್ಕೆ ಯಾದಗಿರಿಯಿಂದ ಒಬ್ಬ ಹುಡುಗಿ ಬಂದು ಈ ಕೆಲಸ ಕಲಿಸಿದಳು. ಎರಡು ಬಾಟಲಿಯ ಅಂಟು ನೀರನ್ನು ಕೂಡಿಸಿ ಕಲಸಿದರೆ ಮರುದಿನಕ್ಕೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ರೆಸಿನ್ ಅಂತಾರೆ. ಅದರಲ್ಲಿ ಕಾಗೆಬಂಗಾರದ ಪುಡಿ ಬೆರೆಸಿ ರಬ್ಬರಿನ ಅಚ್ಚಿಗೆ ಹೊಯ್ಯಬೇಕು. ಬಾಗಿಲಿಗೆ ಹಾಕುವ ಹೆಸರಿನ ಹಲಗೆ ಉಳಿದವರು ಮಾಡಿದರು. ನನಗೆ ಅಕ್ಷರ ಅಷ್ಟಕ್ಕಷ್ಟೆ, ನಾನು ಕೊರಳಿಗೆ ಹಾಕುವ ಪದಕ ಮಾಡಿದೆ. ಕೆಳಗೆ ಕಪ್ಪು ಪದರು, ಅದು ಹೆಪ್ಪಾದ ಮೇಲೆ ಬಂಗಾರದ ತೆಳುವಾದ ಪದರು. ಕಪ್ಪು ಕೆಳಗಿದ್ದರೆ ಬಂಗಾರ ಆಳವಾಗಿ ಕಾಣುತ್ತದೆ.

ಪಕ್ಕದ ಮನೆಯ ಸೊಸೆ ನನ್ನ ಸಂಗಡ ಕಲಿತಳು. ಸಗರದ ಹುಡುಗಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಬಣ್ಣ ಕೂಡಿಸುವುದರಲ್ಲಿ ಅವಳದು ಎತ್ತಿದ ಕೈ. ಹಳದಿ ಬಂಗಾರಕ್ಕೆ ತಾಮ್ರದ ಬಣ್ಣ, ಮೇಲೆ ಚಿಟಿಕೆ ಬಿಳಿ ಹಾಕಿ, ಬೆರಳಿನಿಂದಲೇ ತಿರುವುತ್ತಿದ್ದಳು. ಚಮಚ ತಗೋ ಎಂದರೆ, “ಚಮಚಕ್ಕೇನ್ ತಿಳೀತದ್ರಿ ಆಯಿ, ಬೆರಳಿಗಿ ತಿಳೀಬೇಕು” ಅನ್ನುತ್ತಿದ್ದಳು. ಆ ಬೆರಳಿಗೆ ಯಾವಾಗಲೂ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಇರುತ್ತಿತ್ತು.

ಅವಳ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಅಡ್ಡಾದರೆ ಬಲಗಣ್ಣು ಮುಚ್ಚುತ್ತಿತ್ತು, ಎಡಗಣ್ಣು ಒಂದು ಎಳೆಯಷ್ಟು ತೆರೆದೇ ಇರುತ್ತಿತ್ತು. ಮೊದಮೊದಲು ಎಚ್ಚರ ಇದ್ದಾಳೆಂದು ತಿಳಿದು ನಾನು ಮಾತಾಡಿದ್ದುಂಟು.

ಮದುವೆಯಾಗಿ ಬಹಳ ದಿನ ಆಗಿರಲಿಲ್ಲ, ಮಕ್ಕಳೂ ಆಗಿರಲಿಲ್ಲ. ಕಾಮಾಲೆ ಬಂದು ಸತ್ತಳು. ಕಣ್ಣು ಮುಚ್ಚಿಸಿದ್ದು ನಾನೇ. ಬಲಗಣ್ಣು ಮುಚ್ಚಿತು. ಎಡಗಣ್ಣಿನ ರೆಪ್ಪೆಯನ್ನು ಎಷ್ಟು ಹಿಡಿದರೂ ಕೈ ಬಿಟ್ಟ ಕೂಡಲೇ ಎಳೆಯಷ್ಟು ತೆರೆಯಿತು. ಹಾಗೆಯೇ ಒಯ್ದರು. ಅವಳ ಅತ್ತೆ ಮನೆಯಲ್ಲಿ ಒಂದು ಫೋಟೋ ಕೂಡ ಇಟ್ಟುಕೊಳ್ಳದೆ ಎಲ್ಲವನ್ನೂ ಸಗರಕ್ಕೆ ಕಳಿಸಿದಳು.

ಅವಳ ಬೆರಳಿನ ಗುರುತನ್ನು ಮಾತ್ರ ಯಾರಿಗೂ ಕಳಿಸಲಾಗಲಿಲ್ಲ. ಮಧ್ಯಾಹ್ನದ ಬಿಸಿಲು ಓರೆಯಾಗಿ ಒಳಗೆ ಬಂದಾಗ ನಮ್ಮ ಬಾಗಿಲ ಚೌಕಟ್ಟಿನ ಮೇಲೆ, ಗಡಿಗೆಯ ಕೊರಳಿನ ಮೇಲೆ, ಅವಳು ಆನಿಕೊಂಡು ಕೂಡುತ್ತಿದ್ದ ಗೋಡೆಯ ಮೇಲೆ ಬಂಗಾರದ ಹೆಬ್ಬೆರಳು ಕಾಣುತ್ತಿತ್ತು. ಬಿಸಿಲು ಸರಿದರೆ ಇಲ್ಲ. ಹಸಿ ಅರಿವೆಯಿಂದ ಒರೆಸಿದೆ. ಮರುದಿನ ಅದೇ ಹೊತ್ತಿಗೆ ಬಂತು. ಕಾಗೆಬಂಗಾರದ ಗುಣವೇ ಅಂಥದ್ದು, ಒರೆಸಿದರೆ ಹರಡುತ್ತದೆ. ಆಮೇಲೆ ನಾನು ಒರೆಸಲಿಲ್ಲ.

ಅವಳ ಗಂಡ ಮತ್ತೆ ಮದುವೆಯಾದ. ನಮ್ಮಲ್ಲಿ ಎರಡನೆಯ ಹೆಂಡತಿಯಾಗಿ ಬಂದವಳು ಸತ್ತವಳನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು. ಬೆಳ್ಳಿಯ ಸಣ್ಣ ತಗಡಿನಲ್ಲಿ ಪತ್ತಾರ ಒಂದು ಹೆಣ್ಣಿನ ಮುಖ ಬಡಿದು ಕೊಡುತ್ತಾನೆ. ಅದಕ್ಕೆ ಬೇರೆ ಹೆಸರಿಲ್ಲ, ಸವತಿ ಅಂತಲೇ ಅನ್ನುತ್ತೇವೆ. ಹೊಸ ಸೀರೆ ಬಂದರೆ ಮೊದಲು ಅವಳಿಗೆ ತೋರಿಸಬೇಕು, ಸಿಹಿ ಮಾಡಿದರೆ ಮೊದಲು ಅವಳಿಗೆ ಎಡೆ. ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದುದನ್ನು ಇರಗೊಡುವುದಿಲ್ಲ ಎನ್ನುತ್ತಾರೆ.

ಹಾಗೆ ಎರಡನೆಯವಳಾಗಿ ಬಂದ ಈ ಹುಡುಗಿ ತಿಂಥಣಿಯ ಹೊಳೆಯಲ್ಲಿ ಮುಳುಗು ಹಾಕುವಾಗ ದಾರ ಹರಿದು ಸವತಿ ಕೃಷ್ಣೆಗೆ ಬಿತ್ತು. ಅದಾದ ಮೇಲೆ ಅವಳಿಗೆ ನಿಂತ ಬಸಿರು ಮೂರು ತಿಂಗಳಿಗೆ ಹೋಯಿತು. ಅತ್ತೆ ಓಣಿಯಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗಿದಳು. ಸವತಿಯನ್ನು ಹೊಳೆಗೆ ಬಿಟ್ಟು ಬಂದವಳ ಹೊಟ್ಟೆಯಲ್ಲಿ ಏನು ನಿಂತೀತು ಎಂದಳು. ಮತ್ತೆ ಬಸುರಾದಾಗ, ಇದೂ ಹೋದರೆ ತವರಿನ ದಾರಿ ಹಿಡಿ ಎಂದು ನನ್ನ ಎದುರಿಗೇ ಅಂದಳು. ಮಗ ಉಣ್ಣುತ್ತ ಕೂತಿದ್ದ, ತಲೆ ಎತ್ತಲಿಲ್ಲ.

ಒಂದು ಮಧ್ಯಾಹ್ನ, ಅತ್ತೆ ಮಲಗಿದಾಗ, ಹುಡುಗಿ ನನ್ನ ಮನೆಗೆ ಬಂದಳು. ಬೆಳ್ಳಿಯದು ಬೇಡ, ನೀವೇ ಒಂದು ಸವತಿ ಮಾಡಿಕೊಡಿ ಎಂದು ಕೇಳಿದಳು.

“ಪತ್ತಾರ ಎಲ್ಲಾರಿಗೂ ಅದ ಮುಖ ಬಡಿತಾನ್ರಿ ಆಯಿ. ಹೊಳಿಗಿ ಬಿದ್ದಾಕಿ ಅಕಿ ಅಲ್ಲ. ಗುರ್ತಿಲ್ಲದಾಕಿ ಮುಂದ ದಿನಾ ಕೈ ಮುಗದು ಏನಂತ ಬೇಡ್ಕೊಳ್ಲಿ?”

“ಮುಖ ಮಾಡಾಕ ನನಗ ಬರಂಗಿಲ್ಲ,” ಅಂದೆ.

“ಮುಖ ಬ್ಯಾಡ್ರಿ. ಅಕಿದೇನರ ಇದ್ರ ಅದರಾಗ ಹಾಕ್ರಿ.”

ಸತ್ತವಳದು ಒಂದಿತ್ತು. ಅವಳೇ ಬೆರಳಾಡಿಸಿ ಕೂಡಿಸಿಟ್ಟ ಬಂಗಾರದ ಪುಡಿ, ಅರ್ಧ ಡಬ್ಬಿ. ಆ ಬಣ್ಣ ನನ್ನ ಕೈಗೆ ಯಾವತ್ತೂ ಬಂದಿಲ್ಲ. ಖರ್ಚು ಮಾಡಲು ಮನಸ್ಸಾಗದೆ ಇಟ್ಟಿದ್ದೆ ಎಂದಲ್ಲ, ಅದರ ಮುಚ್ಚಳ ತೆಗೆಯುವ ಕೆಲಸ ಬಿದ್ದಿರಲಿಲ್ಲ.

ಮರುದಿನ ಕಪ್ಪು ಪದರು ಹೊಯ್ದೆ. ಅದು ಹೆಪ್ಪಾದ ಮೇಲೆ ಆ ಪುಡಿ ಬೆರೆಸಿ ಮೇಲೆ ಹೊಯ್ದು, ಪಾತ್ರೆ ತೊಳೆದು ಬಂದು ನೋಡಿದರೆ ಬಂಗಾರ ಎರಡು ಕಡೆ ದುಂಡಗೆ ಹಿಂದೆ ಸರಿದು ಕೆಳಗಿನ ಕಪ್ಪು ಕಾಣುತ್ತಿತ್ತು. ಅಕ್ಕಪಕ್ಕ ಎರಡು ತೂತು. ಪಾತ್ರೆಗೆ ಜಿಡ್ಡು ಇತ್ತೇನೋ ಎಂದು ಆ ಬಂಗಾರವನ್ನು ಬಳಿದು ತೆಗೆದು, ಪಾತ್ರೆಯನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು ಒಣಗಿಸಿದೆ.

ಎರಡನೆಯ ಸಲ ಹೊಯ್ಯುವಾಗ ಹುಡುಗಿ ಎದುರಿಗೆ ಕೂತಿದ್ದಳು. ಫ್ಯಾನು ಬಂದ್. ಬಾಗಿಲು ಮುಂದಕ್ಕೆ ಹಾಕಿತ್ತು. ಕಿಟಕಿಯಿಂದ ಗುಡ್ಡ ಕಾಣುತ್ತದೆ ನಮಗೆ, ಅಂಗಾತ ಮಲಗಿದ ಮನುಷ್ಯನ ಹಾಗೆ. ಹೊರಗಿನವರು ಬಂದು ಫೋಟೋ ಹೊಡೆಯುತ್ತಾರೆ. ಬಿಸಿಲಲ್ಲಿ ಬಹಳ ಹೊತ್ತು ನೋಡಿದರೆ ಅದರ ಎದೆ ಏರಿ ಇಳಿದ ಹಾಗೆ ಆಗುತ್ತದೆ, ಅದಕ್ಕೆ ನಾನು ನೋಡುವುದಿಲ್ಲ. ಅಚ್ಚನ್ನೇ ನೋಡುತ್ತಿದ್ದೆ. ಬಂಗಾರ ಸಪಾಟಾಗಿ ಹರಡಿತು. ಒಳಗೆ ಪುಡಿ ತಾನೇ ತಿರುಗುತ್ತಿತ್ತು, ಬಾಚಿದ ಕೂದಲಿನ ಎಳೆಗಳಂತೆ. ಯಾರೂ ಮುಟ್ಟದಿದ್ದರೂ ಅದು ಸ್ವಲ್ಪ ಹೊತ್ತು ಹಾಗೆ ಆಡುತ್ತದೆ. ಆಮೇಲೆ ನಿಂತಿತು. ನಿಂತ ಮೇಲೆ, ಬಲಕ್ಕೆ ಒಂದು ಸೂಜಿಮೊನೆಯಷ್ಟು ಕಪ್ಪು ಮೂಡಿತು. ಮೆಲ್ಲಗೆ ಅಗಲವಾಯಿತು. ಅದರ ಪಕ್ಕದಲ್ಲಿ ಇನ್ನೊಂದು. ಅದು ಅಷ್ಟು ಅಗಲವಾಗಲಿಲ್ಲ.

“ನೋಡಾಕತ್ತಾಳ್ರಿ,” ಅಂದಳು ಹುಡುಗಿ.

“ಎಣ್ಣಿ ಅದು. ಪುಡಿಯೊಳಗ ಎಣ್ಣಿ ಅದ. ಎಣ್ಣಿ ಇದ್ದಲ್ಲಿ ಅಂಟು ಹಿಂದಕ ಸರೀತದ.”

“ಎಣ್ಣಿ ಯಾರದ್ರಿ?”

ನಾನು ಅಚ್ಚಿನ ಮೇಲೆ ತಟ್ಟೆ ಮುಚ್ಚಿದೆ. ಅವಳ ಕಣ್ಣು ಹೀಗೇ ಇದ್ದವೇ, ಒಂದು ದೊಡ್ಡದು ಒಂದು ಸಣ್ಣದು, ಎಂದು ಕೇಳಿದಳು. ಅತ್ತೆ ಎದ್ದಿರುತ್ತಾಳೆ, ಮನೆಗೆ ಹೋಗು ಎಂದೆ. ಸತ್ತವಳ ಕಣ್ಣಿನ ಮಾತು ಬಸುರಿಗೆ ಹೇಳುವಂಥದ್ದಲ್ಲ.

ಮೂರನೆಯದನ್ನು ಹೊಸ ಡಬ್ಬಿಯ ಪುಡಿಯಿಂದ ಮಾಡಿದೆ. ತೂತು ಬೀಳಲಿಲ್ಲ. ಸಪಾಟು, ಕನ್ನಡಿಯ ಹಾಗೆ, ಗಟ್ಟಿಯಾಗಿ ಬಂತು. ಎಣ್ಣೆಯ ಮಾತು ನಿಜವಾಯಿತು ಎಂದು ಸಮಾಧಾನದಿಂದ ಅದನ್ನೇ ಅವಳ ಕೈಯಲ್ಲಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದು ಯಾರೂ ಅಲ್ರಿ,” ಎಂದು ವಾಪಸು ಕೊಟ್ಟು, ಕಣ್ಣಿದ್ದುದನ್ನು ತಗೊಂಡಳು.

ಅದು ಪೂರ್ತಿ ಗಟ್ಟಿಯಾಗಿರಲಿಲ್ಲ. ಎಣ್ಣೆ ಸೇರಿದ ಅಂಟು ಆಗುವುದೂ ಇಲ್ಲ, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಹೇಳಿದೆ, ಕೇಳಲಿಲ್ಲ. ಅತ್ತೆ ನೋಡಿ ನಕ್ಕಳು. ಬೆಳ್ಳಿಯ ಸವತಿಯನ್ನು ಹೊಳೆ ನುಂಗಿತು, ಗಾಜಿನ ಸವತಿಯನ್ನು ಇಲಿ ಒಯ್ಯುತ್ತದೆ ಬಿಡು ಎಂದಳು. ಬಿಚ್ಚು ಎಂದು ಮಾತ್ರ ಹೇಳಲಿಲ್ಲ. ಆ ಕಣ್ಣುಗಳನ್ನು ಎರಡನೆಯ ಸಲ ಅವಳೂ ನೋಡಲಿಲ್ಲ.

ಮೂರು ತಿಂಗಳು ದಾಟಿತು. ಹೊಟ್ಟೆ ಕಾಣತೊಡಗಿತು. ಮಧ್ಯಾಹ್ನ ಗೋಡೆಯ ಆಚೆಯಿಂದ ಹುಡುಗಿ ಮಾತಾಡುವುದು ನನಗೆ ಕೇಳುತ್ತಿತ್ತು. ಇವತ್ತು ಏನು ಅಡಿಗೆ, ಯಾವ ಕಾಲು ಬಾತಿದೆ, ಒಳಗಿನದು ಎಷ್ಟು ಒದೆಯಿತು, ಇಂಥದೇ. ನಡುನಡುವೆ ಸುಮ್ಮನಾಗುತ್ತಿದ್ದಳು, ಎದುರಿನವರು ಮಾತು ಮುಗಿಸಲಿ ಎನ್ನುವ ಹಾಗೆ. ಆಮೇಲೆ “ಹೌದ್ರಿ ಅಕ್ಕ” ಅನ್ನುತ್ತಿದ್ದಳು. ಒಮ್ಮೆ ಉಪ್ಪಿನಕಾಯಿ ಕಲಸುತ್ತಿದ್ದಳೆಂದು ಕಾಣುತ್ತದೆ, ಅತ್ತೆ ಚಮಚ ಎಲ್ಲಿ ಎಂದು ಬೈಯುತ್ತಿದ್ದಳು. ಹುಡುಗಿ ಅಂದಳು, “ಚಮಚಕ್ಕೇನ್ ತಿಳೀತದ್ರಿ, ಬೆರಳಿಗಿ ತಿಳೀಬೇಕು.” ಅತ್ತೆಯ ಬೈಗಳು ಅಲ್ಲಿಗೇ ನಿಂತಿತು. ಆ ಮಾತನ್ನು ಹುಡುಗಿಗೆ ನಾನೇ ಯಾವಾಗಲೋ ಹೇಳಿರಬೇಕು. ಹೇಳಿದ ನೆನಪಿಲ್ಲ.

ದಿನ ತುಂಬಿ ಬೇನೆ ಶುರುವಾದಾಗ ಯಾದಗಿರಿಯ ದವಾಖಾನೆಗೆ ಒಯ್ದರು. ನಾನೂ ಹೋದೆ. ಮೈಮೇಲಿನದೆಲ್ಲ ಬಿಚ್ಚಿಕೊಡಬೇಕು ಎಂದಳು ನರ್ಸು. ಬಳೆ, ಓಲೆ, ತಾಳಿಯನ್ನು ಹುಡುಗಿ ಅತ್ತೆಗೆ ಕೊಟ್ಟಳು. ಸವತಿಯನ್ನು ನನ್ನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿಸಿದಳು.

“ಹಿಡ್ಕೊಂಡೇ ಇರ್ರಿ ಆಯಿ. ಕೆಳಗ ಇಡಬ್ಯಾಡ್ರಿ.”

ಹೊರಗಿನ ಬೆಂಚಿನ ಮೇಲೆ ನಾನೂ ಅತ್ತೆಯೂ ಕೂತೆವು. ಬೇಸಿಗೆ. ಅಲ್ಲಿಯ ಫ್ಯಾನು ತಿರುಗುತ್ತಿತ್ತು, ಗಾಳಿ ಇರಲಿಲ್ಲ. ಅತ್ತೆ ತಿಂಥಣಿಯ ಮೌನೇಶ್ವರನಿಗೆ ಏನೇನೋ ಹರಕೆ ಹೊರುತ್ತಿದ್ದಳು. ಸೊಸೆಯನ್ನು ತವರಿಗೆ ಕಳಿಸುವ ಮಾತು ಆವತ್ತು ಬಾಯಲ್ಲಿ ಬರಲಿಲ್ಲ. ನನ್ನ ಮುಷ್ಟಿಯ ಒಳಗೆ ಬೆವರು. ಪದಕ ಬೆಚ್ಚಗಾಗಿ, ಮೆತ್ತಗಾಗಿ, ಅಂಗೈಗೆ ಹತ್ತಿಕೊಂಡು ಏನೋ ಅಲುಗಿದ ಹಾಗೆ ಆಗುತ್ತಿತ್ತು. ಮುದುಕರ ಕೈಯಲ್ಲಿ ನಾಡಿ ಹಾಗೆ ಹೊಡೆಯುತ್ತದೆ. ಕೈ ಬಿಚ್ಚಲಿಲ್ಲ.

ಒಳಗೆ ಕೂಸು ಅತ್ತಿತು. ಅತ್ತೆ ಎದ್ದು ಓಡಿದಳು. ಹೆಣ್ಣು, ಇಬ್ಬರೂ ಹುಷಾರಾಗಿದ್ದಾರೆ ಎಂದು ನರ್ಸು ಹೇಳಿದ ಮೇಲೆ ನಾನು ಮುಷ್ಟಿ ತೆರೆದೆ.

ಅಂಗೈ ತುಂಬ ಬಂಗಾರ. ಪದಕದ ಬಂಗಾರ ಕೈಯ ಕಾವಿಗೆ ಕರಗಿ ಸರಿದಿತ್ತು. ಬಲಗಡೆಯ ಕಪ್ಪು ಪೂರ್ತಿ ಮುಚ್ಚಿಹೋಗಿತ್ತು. ಎಡಗಡೆಯದು ಮುಚ್ಚಿ, ಒಂದು ಎಳೆಯಷ್ಟು ಉಳಿದಿತ್ತು.

ಒಳಗೆ ಬಿಟ್ಟಾಗ ಕೂಸು ಅತ್ತೆಯ ತೊಡೆಯ ಮೇಲಿತ್ತು. ಅತ್ತೆ ಅದರ ಹಣೆಯನ್ನು ಸೆರಗಿನಿಂದ ಒರೆಸುತ್ತ, ಈ ಬಂಗಾರದ ಜಿಗಿಬಿಗಿ ಎಲ್ಲಿಂದ ಬಂತು ಎಂದು ಗೊಣಗುತ್ತಿದ್ದಳು. ತಾಯಿಯ ಕೊರಳಿನದು ಹತ್ತಿರುತ್ತದೆ ಎಂದೆ. ಹುಡುಗಿ ಕೈ ಚಾಚಿದಳು. ಕೊಟ್ಟೆ. ಬಹಳ ಹೊತ್ತು ನೋಡಿದಳು.

“ಇದೊಂದು ಯಾಕ ಪೂರಾ ಮುಚ್ಚಿಲ್ರಿ ಆಯಿ?”

“ಮಲಗಿದಾಗ ಅಕಿದು ಹಂಗ ಇರ್ತಿತ್ತು,” ಅಂದೆ. ಸತ್ತಾಗಲೂ ಹಾಗೆಯೇ ಇತ್ತೆಂದು ಹೇಳಲಿಲ್ಲ. ಅತ್ತೆ ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು, ಅವಳೂ ಹೇಳಲಿಲ್ಲ.

ಹುಡುಗಿ ಕೊರಳು ಎತ್ತಿದಳು. ದಾರದ ಎರಡು ತುದಿ ಹಿಡಿದು ನಾನು ಹಿಂದೆ ಬಗ್ಗಿದೆ.

“ಮೆಲ್ಲಕ ಕಟ್ರಿ,” ಅಂದಳು. “ಎಚ್ಚರಾಗ್ತಾಳ.”

ಮೆಲ್ಲಗೆ ಕಟ್ಟಿದೆ.