ಒಂದೇ ಗೊನೆಯ ಕಾಯಿಗಳು

ನನ್ನ ಸೋದರಮಾವನ ಊರು ತರೀಕೆರೆಯ ಹತ್ತಿರ. ಅವರ ಬಾವಿಯ ಪಕ್ಕದಲ್ಲೊಂದು ತೆಂಗಿನ ಮರವಿತ್ತು. ದಪ್ಪ ಕಾಯಿ, ತುಂಬಿದ ಗೊನೆ. ಎಪ್ಪತ್ತರ ದಶಕದ ಶುರುವಿನಲ್ಲಿ ಅಪ್ಪ ಅಜ್ಜಂಪುರದ ಬಳಿಯ ನಮ್ಮ ಜಮೀನಿಗೆ ಆ ಮರದ ಕಾಯಿಗಳನ್ನೇ ಬಿತ್ತನೆಗೆಂದು ತಂದರು. ಎಲ್ಲವೂ ಒಂದೇ ಗೊನೆಯವು. ಮಾವ ತಾವೇ ನಿಂತು ಇಳಿಸಿ, ಮೂಟೆ ಕಟ್ಟಿ, ಬಸ್ಸಿನ ಮೇಲೆ ಹಾಕಿಸಿದ್ದರಂತೆ. ಅಪ್ಪ ಮೊಳಕೆ ಬರಿಸಿ ಬದುವಿನುದ್ದಕ್ಕೂ ನೆಟ್ಟರು.

ಅವು ಫಲಕ್ಕೆ ಬರುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಒಂದು ಮರದ ಕಾಯಿ ಉದ್ದ, ಇನ್ನೊಂದರದು ತೀರಾ ಸಣ್ಣದು, ಮತ್ತೊಂದರ ಎಳೆಗಾಯಿ ಕೆಂಪು. ಬಾವಿ ಪಕ್ಕದ ಮರವನ್ನು ಹೋಲುವಂಥದ್ದು ಒಂದೂ ಇರಲಿಲ್ಲ.

"ನಿನ್ನ ತಮ್ಮ ತೋರ್ಸಿದ್ದು ಒಂದು ಮರ, ಮೂಟೇಲಿ ತುಂಬಿದ್ದು ಇನ್ಯಾವ್ದೋ ಕಣೇ," ಎಂದರು ಅಪ್ಪ.

"ಅವ್ನು ಅಂಥೋನಲ್ಲ ಕಣ್ರೀ," ಎಂದಳು ಅಮ್ಮ.

"ಹಂಗಾದ್ರೆ ಮರ ಸುಳ್ಳು ಹೇಳ್ತದಾ?"

ಈ ಮಾತು ಯಾರಿಂದಲೋ ಮಾವನ ಕಿವಿಗೆ ಬಿತ್ತು. ಅವರು ನಮ್ಮನೆಗೆ ಬರುವುದನ್ನೇ ನಿಲ್ಲಿಸಿದರು. ಗೌರಿ ಹಬ್ಬದ ಬಾಗಿನವನ್ನು ಬೇರೆಯವರ ಕೈಲಿ ಕಳಿಸತೊಡಗಿದರು. ಅಮ್ಮ ಅದನ್ನು ಒಳಗಿಟ್ಟು, ಸುಮ್ಮನೆ ಒಲೆ ಮುಂದೆ ಕೂರುತ್ತಿದ್ದಳು. ಅಪ್ಪನೊಡನೆ ಅವಳು ಜಗಳವಾಡಲಿಲ್ಲ. ತೋಟದ ಕಡೆ ಹೋಗುವುದನ್ನು ಮಾತ್ರ ಬಿಟ್ಟಳು.

ಆಮೇಲೆ ನಾನು ಕಡೂರಿನಲ್ಲಿ ಪಿಯುಸಿಗೆ ಸೇರಿದೆ. ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ನಮ್ಮ ಬಯಾಲಜಿ ಲೆಕ್ಚರರ್ ಬಣ್ಣದ ಸೀಮೆಸುಣ್ಣದಲ್ಲಿ, ಪರಾಗ, ಅಂಡಗಳು ಹುಟ್ಟುವಾಗ ಜೀವಕೋಶ ಒಡೆಯುವ ಮಿಯಾಸಿಸ್‌ನ ಚಿತ್ರ ಬರೆದರು. ಕೆಂಪು ಕ್ರೋಮೋಸೋಮು ತಾಯಿಯದು, ನೀಲಿಯದು ತಂದೆಯದು. ಎರಡೂ ಒಂದರ ಪಕ್ಕ ಒಂದು ನಿಂತು ತುಂಡುಗಳನ್ನು ಅದಲುಬದಲು ಮಾಡಿಕೊಂಡು, ಆಮೇಲೆ ಬೇರೆಯಾಗುತ್ತಿದ್ದವು. ಕೊನೆಗೆ ಉಳಿದ ನಾಲ್ಕು ಜೀವಕೋಶಗಳಲ್ಲಿ ಒಂದರಂತೆ ಇನ್ನೊಂದಿರಲಿಲ್ಲ. ಚಿತ್ರ ಬರೆದುಕೊಳ್ಳುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ಅದರಲ್ಲಿ ನನಗೆ ನಮ್ಮ ಬದುವಿನ ತೆಂಗಿನ ಸಾಲು ಕಂಡಿತ್ತು.

ಒಂದೇ ಗೊನೆಯ ಕಾಯಿಗಳಾದರೂ ಮರಗಳು ಬೇರೆಬೇರೆಯಾಗುತ್ತವೆಂದು ಅಂದು ಸಂಜೆ ಅಪ್ಪನಿಗೆ ಹೇಳಿದೆ. ಅವರು ನಂಬಲಿಲ್ಲ.

"ಬಾಳೆ ಕಂದು ನೆಟ್ರೆ ಅದೇ ಬಾಳೆ ಬರಲ್ವೇನೇ?"

"ಕಂದು ಅಂದ್ರೆ ಅದೇ ಗಿಡದ ತುಂಡು ಕಣಪ್ಪ, ಅದಕ್ಕೆ ಅಪ್ಪ ಅಮ್ಮ ಇಲ್ಲ. ತೆಂಗಿನಕಾಯಿಗೆ ಇಬ್ರೂ ಇದಾರೆ. ತಾಯಿಮರ ತನ್ನಲ್ಲಿರೋದ್ರಲ್ಲಿ ಅರ್ಧ ಮಾತ್ರ ಕೊಡ್ತದೆ. ಅದನ್ನೂ ಕಲಸಿ ಕೊಡ್ತದೆ, ಒಂದೊಂದು ಕಾಯಿಗೆ ಒಂದೊಂದು ಥರ. ಉಳಿದರ್ಧ ಯಾವ ಮರದ ಪರಾಗದಿಂದ ಬಂತೋ, ಗಾಳಿಗೋ ಜೇನಿಗೋ ಗೊತ್ತು."

ಅಪ್ಪ ನನ್ನ ಮುಖವನ್ನೂ ಪಕ್ಕದಲ್ಲಿದ್ದ ತಂಗಿಯ ಮುಖವನ್ನೂ ನೋಡಿದರು. ನಾನು ಅಪ್ಪನ ತಾಯಿಯಂತೆ ಎತ್ತರ, ಕಪ್ಪು. ತಂಗಿ ಗಿಡ್ಡ, ಗುಂಗುರು ಕೂದಲು. ಆ ಕೂದಲು ಯಾರದೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಎದ್ದು ತೋಟದ ಕಡೆ ಹೋದರು.

ಮುಂದಿನ ಭಾನುವಾರ ಬೆಳಿಗ್ಗೆ ಅಮ್ಮನಿಗೆ, "ಸೀರೆ ಉಟ್ಕೋ, ತರೀಕೆರೆಗೆ ಹೋಗ್ಬರಾಣ," ಎಂದರು. ಅಮ್ಮ ಏಕೆಂದು ಕೇಳದೆ ಹೊರಟಳು. ನನ್ನನ್ನೂ ಕರೆದುಕೊಂಡರು.

ಮಾವ ಜಗಲಿಯ ಮೇಲಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಅಪ್ಪನೇ, "ಮರದ ವಿಚಾರ ಮಾತಾಡಣ ಅಂತ ಬಂದೆ ಕಣಯ್ಯಾ," ಎಂದರು.

ಮಾವ ಚಪ್ಪಲಿ ಮೆಟ್ಟಿ ಮುಂದೆ ನಡೆದರು. ಹಿತ್ತಲಾಚೆ ಅವರದೂ ಒಂದು ತೆಂಗಿನ ಸಾಲಿತ್ತು. ಅಲ್ಲಿಯೂ ಒಂದರ ಕಾಯಿ ಉದ್ದ, ಒಂದರದು ಗುಂಡು, ಒಂದು ಮರ ಇನ್ನೂ ಹೊಂಬಾಳೆಯನ್ನೇ ಬಿಟ್ಟಿರಲಿಲ್ಲ.

"ನಿಮಗೆ ಕೊಟ್ಟ ಗೊನೇಲೇ ಒಂದಷ್ಟು ಉಳಿಸ್ಕಂಡು ನೆಟ್ಟಿದ್ದೆ ಭಾವ," ಎಂದರು ಮಾವ. "ನೋಡಿ, ಹಿಂಗಾಯ್ತು. ನಾನು ಯಾರ ಮೇಲೆ ಸಿಟ್ಟು ಮಾಡ್ಕಳ್ಳಿ?"

"ಅವತ್ತೇ ಹೇಳ್ಬಾರ್ದಾಗಿತ್ತೇನಯ್ಯಾ?"

"ಕಳ್ಳ ಅಂದೋರ ಮನೆ ಬಾಗ್ಲಿಗೆ ಬಂದು ಹೆಂಗೆ ಹೇಳ್ಲಿ ಭಾವ?"

ಅಪ್ಪ ತಲೆ ತಗ್ಗಿಸಿದರು. "ತಪ್ಪಾಯ್ತು ಕಣಯ್ಯಾ," ಎಂದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ತಮ್ಮನ ಕೈ ಹಿಡಿದು ಒಳಗೆ ಹೋದಳು.

ಅಂದು ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಅಮ್ಮ, ಒಂದೇ ಮರದ ಕಾಯಿಗಳು ಬೇರೆಬೇರೆಯಾಗುವುದೇಕೆಂದು ನನ್ನಿಂದ ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹಂಗಾದ್ರೆ ನಿನ್ನಂಥೋಳು ಇನ್ನೊಬ್ಳು ಹುಟ್ಟೋದೇ ಇಲ್ವೇನೇ?"

"ಇಲ್ಲಮ್ಮ."

"ಒಬ್ಳೇ ಸಾಕು ಬಿಡು," ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಬಾಯಿತುಂಬ ನಕ್ಕದ್ದನ್ನು ಕಂಡೆ.